ಸುಮ್ಮನೆ ಹೋಗುವ ಬಿಸಿಲು

ನಮ್ಮ ದೊಡ್ಡಪ್ಪನಿಗೆ ಖಾಲಿ ಸೀಟು ಕಂಡರೆ ಆಗುತ್ತಿರಲಿಲ್ಲ. ಬಸ್ ಕಂಡಕ್ಟರ್ ಆಗಿದ್ದಷ್ಟು ಕಾಲವೂ, ಒಂದು ಸೀಟು ಮಿಕ್ಕಿದ್ದರೆ ಬಾಗಿಲಲ್ಲಿ ನೇತಾಡುತ್ತಾ ದಾರಿಹೋಕರನ್ನೆಲ್ಲ ಕರೆಯುತ್ತಿದ್ದ. ಔಷಧಿ ತರಲು ಹೊರಟವರನ್ನೂ ಪುಸಲಾಯಿಸಿ ಪಕ್ಕದೂರಿಗೆ ಕರೆದೊಯ್ದ ಖ್ಯಾತಿ ಅವನದು. ನಿವೃತ್ತನಾದ ಮೇಲೆ ಆ ಚಟ ಮನೆಯೊಳಗೆ ಬಂತು. ಯಾರೂ ಇಲ್ಲದ ಕೋಣೆಯ ದೀಪ ಆರಿಸುವುದು, ತೊಟ್ಟಿಕ್ಕುವ ನಲ್ಲಿಗೆ ಲೋಟ ಹಿಡಿಯುವುದು, ಟೂತ್‌ಪೇಸ್ಟಿನ ಹೊಟ್ಟೆಯನ್ನು ಕತ್ತರಿಯಿಂದ ಸೀಳಿ ಬಳಿಯುವುದು. ಅವನೆಂದರೆ ನನಗೆ ಪ್ರೀತಿ, ಆದರೂ ಒಂದೊಂದು ಸಲ ತಲೆ ಚಿಟ್ಟು ಹಿಡಿಯುತ್ತಿತ್ತು.

ತಾರಸಿಯ ಮೇಲೆ ಸೋಲಾರ್ ಫಲಕ ಹಾಕಿಸಿಕೊಂಡರೆ ಅರ್ಧ ಖರ್ಚು ಸರ್ಕಾರದ್ದು, ಮನೆಗೆ ಸಾಕಾಗಿ ಉಳಿದ ಕರೆಂಟನ್ನು ಬೀದಿಯ ತಂತಿಗೆ ಬಿಟ್ಟರೆ ಯೂನಿಟ್‌ಗೆ ಇಷ್ಟೆಂದು ದುಡ್ಡೂ ಕೊಡುತ್ತಾರೆ ಎಂಬ ಸುದ್ದಿ ತಂದವನು ನನ್ನ ಅಪ್ಪ. ಅಪ್ಪ ದೊಡ್ಡಪ್ಪನ ತಮ್ಮ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ದೊಡ್ಡಪ್ಪ ಕುಣಿದಾಡಿಬಿಟ್ಟ. ಇಷ್ಟು ವರ್ಷ ನಮ್ಮ ತಾರಸಿಯ ಬಿಸಿಲು ಟಿಕೆಟ್ ಇಲ್ಲದೆ ಓಡಾಡಿತಲ್ಲ ಎಂದು ಹೊಟ್ಟೆ ಉರಿದುಕೊಂಡ. ಫಲಕ ಬಂದ ಮೇಲಂತೂ ಮೀಟರಿನ ಮುಂದೆಯೇ ಅವನ ಠಿಕಾಣಿ.

ಒಂದು ವಿಷಯ ಮಾತ್ರ ಅವನಿಗೆ ಜೀರ್ಣವಾಗಲಿಲ್ಲ. ಬೀದಿಯಲ್ಲಿ ಕರೆಂಟ್ ಹೋದರೆ, ಎಂಥ ಬಿಸಿಲಿದ್ದರೂ ನಮ್ಮ ಫಲಕಗಳೂ ತಾವಾಗಿಯೇ ನಿಂತುಬಿಡುತ್ತಿದ್ದವು.

"ಇದ್ಯಾವ ನ್ಯಾಯನೋ? ಬಿಸಿಲು ಸುಮ್ನೆ ಹೋಗುತ್ತಲ್ಲ."

"ರಿಪೇರಿಗೆ ಅಂತ ತಂತಿ ಮೇಲೆ ನನ್ನಂಥೋನು ಯಾರೋ ಕೂತಿರ್ತಾನಣ್ಣ. ಅದಕ್ಕೇ ಹಂಗೆ ಮಾಡಿರೋದು," ಎಂದ ಅಪ್ಪ.

ದೊಡ್ಡಪ್ಪ ತಲೆಯಾಡಿಸಿದ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ ಎನ್ನುವುದು ಆಮೇಲೆ ಗೊತ್ತಾಯಿತು.

ಬಿರುಗಾಳಿಗೆ ನಮ್ಮ ಬೀದಿಯ ತಂತಿ ಹರಿದ ಮರುದಿನ, ನಾನು ಕೆಲಸ ಮಾಡುವ ಅಂಗಡಿಯಿಂದ ಊಟಕ್ಕೆ ಮನೆಗೆ ಬರುತ್ತಿದ್ದೆ. ಸೆಕೆಗೆ ಜನರೆಲ್ಲ ಬಾಗಿಲಲ್ಲೇ ಕೂತಿದ್ದರು. ಬೀದಿಯ ಕೊನೆಯ ಕಂಬದ ಮೇಲೆ ಅಪ್ಪ ಇದ್ದ. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳದೆ ಅವನು ಕಂಬ ಹತ್ತುವವನಲ್ಲ. ಫ್ಯೂಸ್ ಜೇಬಿನಲ್ಲಿದ್ದರೆ ತಂತಿ ಸತ್ತ ಹಾಗೆ ಎಂದು ಅವನ ಲೆಕ್ಕ. ನನ್ನನ್ನು ಕಂಡು ಕೈಬೀಸಿದ. ನಾನೂ ಬೀಸಿ ಮನೆಯೊಳಗೆ ಕಾಲಿಟ್ಟರೆ, ನಡುಮನೆಯ ಫ್ಯಾನು ತಿರುಗುತ್ತಿದೆ.

ತಾರಸಿಯಿಂದ ಗುಡುಗುಡು ಸದ್ದು ಬರುತ್ತಿತ್ತು. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ. ಎಲ್ಲಿಂದಲೋ ತಂದ ಹಳೇ ಜನರೇಟರು ಹೊಗೆ ಕಾರುತ್ತಿತ್ತು, ಅದರ ವೈರು ಗೋಡೆಯ ಸಾಕೆಟ್‌ಗೆ ಸೇರಿತ್ತು. ಪಕ್ಕದಲ್ಲಿ ದೊಡ್ಡಪ್ಪ ಬೀಗುತ್ತಾ ನಿಂತಿದ್ದ.

"ಬೀದೀಲಿ ಕರೆಂಟ್ ಇದೆ ಅಂತ ಫಲಕಕ್ಕೆ ನಂಬಿಸಿದ್ರೆ ಸಾಕು ಕಣೇ, ಎದ್ದು ಕೂತ್ಕೊಳುತ್ತೆ. ಕೆಳಗೆ ಮೀಟರ್ ಓಡ್ತಿದೆ ನೋಡು ಹೋಗು."

"ಮೇನ್ ಆಫ್ ಮಾಡಿದೀಯಾ?"

"ಆಫ್ ಮಾಡಿದ್ರೆ ಹೊರಗೆ ಹೋಗೋದನ್ನ ಮೀಟರ್ ಹೆಂಗೆ ಎಣಿಸುತ್ತೆ?"

"ದೊಡ್ಡಪ್ಪ, ಅಪ್ಪ ಕಂಬದ ಮೇಲಿದಾನೆ."

"ಅವನು ದೊಡ್ಡ ರಸ್ತೆ ಕಡೆ ಹೋದ್ನಲ್ಲ..."

"ನಮ್ಮ ಬೀದಿ ಕಂಬ. ಈಗ ನೋಡ್ಕೊಂಡು ಬಂದೆ."

ಅವನ ಮುಖ ಬಿಳಿಚಿಕೊಂಡಿತು. ಅವನು ವೈರಿನ ಕಡೆ ತಿರುಗುವಷ್ಟರಲ್ಲಿ ನಾನೇ ಕಿತ್ತೆಸೆದು, ಕೆಳಗೋಡಿ ಮೇನ್ ಇಳಿಸಿದೆ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಗದ್ದಲ ಕೇಳಿಸಿತು.

ಇಬ್ಬರೂ ಓಡಿದೆವು, ದೊಡ್ಡಪ್ಪ ಬರಿಗಾಲಲ್ಲಿ. ಕಂಬದ ಬುಡದಲ್ಲಿ ಜನ ಮುತ್ತಿಕೊಂಡಿದ್ದರು. ನುಗ್ಗಿ ನೋಡಿದರೆ ಅಪ್ಪ ನೆಲದ ಮೇಲೆ ಕೂತಿದ್ದ, ಸುಟ್ಟ ಬಲಗೈಯನ್ನು ಎದೆಗೆ ಅವುಚಿಕೊಂಡು. ಸೊಂಟದ ಬೆಲ್ಟು ಕಂಬಕ್ಕೆ ಕಚ್ಚಿ ಹಿಡಿದಿದ್ದರಿಂದ ಬೀಳದೆ ಬದುಕಿದ್ದ. ಅವನನ್ನು ಕೆಳಗಿಳಿಸಿದ ಜೊತೆಗಾರ ಲೈನ್‌ಮನ್ ಅವನ ಜೇಬಿನಿಂದ ಫ್ಯೂಸ್ ತೆಗೆದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಇಲ್ಲೇ ಯಾವ್ದೋ ಮನೆಯಿಂದ ವಾಪಸ್ ಬಂದಿದೆ ಕರೆಂಟು. ಯಾರ ಮನೇದು ಹೇಳ್ರಿ."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಅಣ್ಣನ ಬರಿಗಾಲು ನೋಡಿದ. ಅವನಿಗೆ ಎಲ್ಲ ಹೊಳೆಯಿತು, ಆದರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ, ದೊಡ್ಡಪ್ಪನೂ ಬಾಯಿ ಮುಚ್ಚಿಕೊಂಡಿರಲಿ ಎಂದೇ ನನ್ನ ಆಸೆ.

"ನಮ್ಮನೇದು," ಎಂದ ದೊಡ್ಡಪ್ಪ, ಇಡೀ ಬೀದಿಗೆ ಕೇಳುವಂತೆ. "ನಾನೇ ಮಾಡಿದ್ದು."

ತಮ್ಮನನ್ನು ಎಬ್ಬಿಸಲು ಕೈ ಚಾಚಿದವನು, ಮುಟ್ಟಲು ಹೆದರಿ ಹಿಂದಕ್ಕೆಳೆದುಕೊಂಡ. ಅಪ್ಪನೇ ಎಡಗೈಯಿಂದ ಅವನ ಹೆಗಲು ಹಿಡಿದು ಎದ್ದು ನಿಂತ.

ಕೈಗೆ ಪಟ್ಟಿ ಕಟ್ಟಿಸಿ ಕರೆತಂದು ಅಪ್ಪನನ್ನು ಒಳಕೋಣೆಯಲ್ಲಿ ಮಲಗಿಸಿದೆವು. ಹರಿದ ತಂತಿ ಜೋಡಿಸಲು ಆ ಜೊತೆಗಾರ ಕಂಬ ಹತ್ತಿದ. ದೊಡ್ಡಪ್ಪ, ನಾನು ಇಳಿಸಿದ್ದ ಮೇನ್ ಸ್ವಿಚ್ಚಿನ ಮೇಲೆ ಅಂಗೈ ಒತ್ತಿ ಗೋಡೆಯ ಪಕ್ಕ ನಿಂತುಬಿಟ್ಟ. ಇಲಾಖೆಯವರು ಮೀಟರ್ ಕಿತ್ತುಕೊಂಡು ಹೋಗ್ತಾರೆ, ಸರ್ಕಾರದ ಅರ್ಧ ವಾಪಸ್ ಕಟ್ಟಬೇಕಾಗುತ್ತೆ ಎಂದು ಎದುರುಮನೆಯಾಕೆ ಬಂದು ಹೇಳಿದಳು. ಅವನು ತಿರುಗಿಯೂ ನೋಡಲಿಲ್ಲ. ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ, ಆದರೆ ಆ ನಿಲುವು ನೋಡಲಾಗಲಿಲ್ಲ.

"ಅಪ್ಪ ಒಳಗೆ ಮಲಗಿದಾನೆ ದೊಡ್ಡಪ್ಪ, ಏನೂ ಆಗಲ್ಲ. ಬಾ, ಒಂದು ತುತ್ತು ತಿನ್ನು."

"ನೀನು ಹೋಗಮ್ಮ," ಎಂದ, ಕೈ ತೆಗೆಯದೆ. "ಕಂಬದ ಮೇಲೆ ನನ್ನ ತಮ್ಮ ಇದಾನೆ."