ಚೀನೀ ಅಂಗಡಿಯಲ್ಲಿ ಅಕ್ಕನ ರೊಟ್ಟಿ

ಬಟ್ಟಲಲ್ಲಿದ್ದ ಮೊಟ್ಟೆ ಕರ್ರಗಿತ್ತು. ಒಳಗಿನ ಹಳದಿ ಹಸಿರಾಗಿತ್ತು. ಸುಣ್ಣ, ಬೂದಿ, ಮಣ್ಣು ಮೆತ್ತಿ ಎರಡು ತಿಂಗಳು ಇಟ್ಟದ್ದು ಎಂದು ಅಂಗಡಿಯ ಯಜಮಾನ ಹಿಂದೂಸ್ತಾನಿಯಲ್ಲಿ ಹೆಮ್ಮೆಯಿಂದ ಹೇಳಿದ. ನಮ್ಮ ತಾವರಗೇರಾ ಕಡೆ ಮಣ್ಣೊಳಗಿಟ್ಟು ತೆಗೆಯುವುದೆಂದರೆ ಹಗೇವಿನ ಜೋಳ. ಮೊಟ್ಟೆಯನ್ನು ಹೀಗೆ ಮಾಡಿ ತಿನ್ನುವವರೂ ಇದ್ದಾರೆಂದು ಆವತ್ತು ಕಲ್ಕತ್ತೆಯಲ್ಲಿ ಗೊತ್ತಾಯಿತು. ಎದ್ದು ಓಡಿಹೋಗಬೇಕೆನಿಸಿತು. ಆದರೆ ಹಸಿದಿದ್ದೆ, ತಿಂದೆ. ರುಚಿಯಾಗಿತ್ತು ಎಂದು ಹೇಳಲು ಈಗಲೂ ಸ್ವಲ್ಪ ನಾಚಿಕೆ.

ಬಡಾಬಜಾರಿನ ಗೋಣಿಚೀಲದ ಗೋದಾಮಿನಲ್ಲಿ ಗುಮಾಸ್ತನಾಗಿ ಬಂದು ಆಗ ಒಂದು ತಿಂಗಳಾಗಿತ್ತಷ್ಟೆ. ವಾಸ ಒಂದು 'ಮೆಸ್‌ಬಾಡಿ'ಯಲ್ಲಿ. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ನೌಕರರು ಕೋಣೆಗೆ ನಾಲ್ವರಂತೆ ಕೂಡಿ ಇರುವ ಮನೆಗೆ ಬಂಗಾಲಿಗಳು ಹಾಗೆನ್ನುತ್ತಾರೆ. ಎರಡು ಹೊತ್ತೂ ಅನ್ನ, ಮೀನು, ಮೂಗಿಗೇರುವ ಸಾಸಿವೆ ಎಣ್ಣೆ. ನಮ್ಮಲ್ಲಿ ಅನ್ನ ರೊಟ್ಟಿಯ ಹಿಂದೆ ಬರುವಂಥದ್ದು. ಇಲ್ಲಿ ಅನ್ನದ ಮುಂದೂ ಅನ್ನ, ಹಿಂದೂ ಅನ್ನ. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಕ್ಕೆ ಕೋಣೆಯ ಜೊತೆಗಾರ, "ಕುದುರೆ ಸಾಕಿದ್ದೀರಾ?" ಎಂದು ನಿಜವಾಗಿಯೇ ಕೇಳಿದ್ದ.

ಹಾಗೆ ಅಲೆಯುತ್ತ ಚೀನಾಪಾಡಾಕ್ಕೆ ಹೋದವನು ನಾನು. ಪಾಡಾ ಎಂದರೆ ನಮ್ಮ ಓಣಿ. ಅಲ್ಲಿಯ ಚೀನೀಯರು ಬಹುತೇಕ ದಕ್ಷಿಣದವರು, ಅವರೂ ಅನ್ನದವರೇ. ವಾಂಗ್ ಚಾಚಾ ಒಬ್ಬನೇ ಉತ್ತರದ ಶಾಂತುಂಗ್ ಸೀಮೆಯವನು. ಬೆನ್ನ ಮೇಲೆ ರೇಷ್ಮೆಯ ಗಂಟು ಹೊತ್ತು ಊರೂರು ಮಾರುತ್ತ ಬಂದು, ಕೊನೆಗೆ ನಾಲ್ಕು ಮೇಜಿನ ಈ ಅಂಗಡಿ ಹಾಕಿದ್ದ. ಹಿಟ್ಟನ್ನು ಎಳೆದೆಳೆದು ಶಾವಿಗೆ ಮಾಡುತ್ತಿದ್ದ. ಮುಷ್ಟಿಗಾತ್ರದ ಗೋದಿಯ ಉಂಡೆಗಳನ್ನು ಹಬೆಯಲ್ಲಿ ಬೇಯಿಸುತ್ತಿದ್ದ. ಅದರ ಹೆಸರು ಮಾಂತೊ. ಬೂಸಲು ಬರಿಸಿದ ಸೋಯಾಕಾಳಿನ ಗಿಣ್ಣೂ ಇತ್ತು, ಅದರ ವಾಸನೆಯ ಮಾತು ಬೇಡ. ನಮ್ಮ ಸಾಲಿಯಲ್ಲಿ ಬೆತ್ತದ ಏಟು ತಿಂದು ಕಲಿತ ಉರ್ದು ಅವನೊಡನೆ ಹರಟೆಗೆ ಒದಗಿತು. ಎರಡು ಕಡ್ಡಿಗಳಿಂದ ಒಂದು ಶೇಂಗಾಕಾಳನ್ನು ಬಾಯಿತನಕ ಎತ್ತಿದ ದಿನ ಅವನು ತಾಟು ಬಡಿದು ಅಂಗಡಿಗೆಲ್ಲ ಸಾರಿದ. ಈ ಊರಿನಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಇಷ್ಟೆಲ್ಲ ಊರಿಗೆ ಬರೆದೆನೆ? ಇಲ್ಲ. ಬಂದ ಹೊಸದರಲ್ಲಿ ಅಕ್ಕನಿಗೆ, "ಇಲ್ಲಿ ರೊಟ್ಟಿಯ ಮುಖ ಕಂಡಿಲ್ಲ, ಒಂದು ಹೊತ್ತೂ ಹೊಟ್ಟೆ ತುಂಬಿಲ್ಲ" ಎಂದು ಬರೆದಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ ನೀಲಮ್ಮ. ಗಂಡ ಹೋದ ಮೇಲೆ ತವರಿಗೆ ಬಂದು ಅಣ್ಣನ ಮನೆಯಲ್ಲಿದ್ದಾಳೆ. ಆಕೆ ಬರೆಸಿದ ಉತ್ತರದ ತುಂಬ ಮರುಕ. ಆ ಮರುಕದ ರುಚಿ ನನಗೆ ಹತ್ತಿಬಿಟ್ಟಿತು. ವಾಂಗ್ ಚಾಚಾನ ಅಂಗಡಿ ಸಿಕ್ಕ ಮೇಲೂ ಅದೇ ರಾಗ ಹಾಡಿದೆ. ಪತ್ರವನ್ನು ಪೆಟ್ಟಿಗೆಗೆ ಹಾಕಿ ನೆಟ್ಟಗೆ ಹೋಗಿ ಎರಡು ಬಟ್ಟಲು ಶಾವಿಗೆ ಹೊಡೆದ ದಿನಗಳಿವೆ. ಸುಳ್ಳು ಬರೆಯುತ್ತಿದ್ದೇನೆಂದು ಗೊತ್ತಿದ್ದೇ ಬರೆದೆ.

ಒಂದು ವರ್ಷ ದಾಟಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಎರಡನೆಯ ಬಟ್ಟಲು ಮುಗಿಸಿ ಮಾಂತೊ ಮುರಿಯುತ್ತಿದ್ದಾಗ ಬಾಗಿಲಲ್ಲಿ ಹುಸೇನಸಾಬ್ ಕಾಕಾ ನಿಂತಿದ್ದರು. ಊರಲ್ಲಿ ನಮ್ಮ ಓಣಿಯವರು, ಕೊಪ್ಪಳದ ಶೇಂಗಾ ವ್ಯಾಪಾರಿಯೊಬ್ಬರಿಗಾಗಿ ಗೋಣಿಚೀಲ ಕೊಳ್ಳಲು ಬಂದಿದ್ದರು. ಮೆಸ್‌ಬಾಡಿಯವರು ಇಲ್ಲಿಗೆ ದಾರಿ ತೋರಿಸಿದ್ದರು.

"ಏನ್ ತಮ್ಮಾ, ಉಣ್ಣಾಕತ್ತೀಯೇನು? ಊರಾಗ ನೀ ಉಪವಾಸ ಅದೀಯಂತ ಸುದ್ದಿ ಐತಿ."

"ಬರ್ರಿ ಕಾಕಾ, ಕುಂದರ್ರಿ. ಇವತ್ತೊಂದಿನ ಬಂದಿದ್ದೆ ನೋಡ್ರಿ."

ಅಷ್ಟರಲ್ಲಿ ಒಳಗಿನಿಂದ ವಾಂಗ್ ಚಾಚಾ, "ದಿನದ ಹಾಗೆ ಮೂರನೇ ಬಟ್ಟಲು ತರಲಾ?" ಎಂದು ಕೂಗಿದ. ಹುಸೇನಸಾಬರಿಗೂ ಉರ್ದು ಬರುತ್ತದಲ್ಲ.

ಅವರು ನಗಲಿಲ್ಲ. ಅಲ್ಲಿಯ ಊಟ ತಮಗೆ ನಡೆಯುವುದಿಲ್ಲವೆಂದು ಬರೀ ಚಹಾ ತರಿಸಿಕೊಂಡು ಕುಳಿತರು. ಆಮೇಲೆ ಹೇಳಿದರು: "ನಿಮ್ಮಕ್ಕ ರೊಟ್ಟಿ ಬಿಟ್ಟಾಳ."

"ಬಿಟ್ಟಾಳಂದ್ರ?"

"ನಿನ್ನ ಮೊದಲನೇ ಪತ್ರ ಓದಿಸಿದ ದಿನಾನ ಬಿಟ್ಟಾಳ. ನನ್ನ ತಮ್ಮಗ ರೊಟ್ಟಿ ಸಿಗೂತನಕ ನನಗೂ ಬ್ಯಾಡಂತ. ಮನಿ ಮಂದಿಗೆಲ್ಲಾ ತಾನ ಬಡೀತಾಳ, ತಾ ಮಾತ್ರ ನುಚ್ಚಿನ ಗಂಜಿ ಕುಡೀತಾಳ. ನಿಮ್ಮಣ್ಣ ಬೈದು ನೋಡಿದ. ಕೇಳವಲ್ಲಳು. ಭಾಳ ಸೊರಗ್ಯಾಳಪ್ಪಾ."

ಹೀಗೆ ಬಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಕೂಸಿನ ಜ್ವರ ಇಳಿಯಲಿ ಎಂದು ಬೆಲ್ಲ ಬಿಡುತ್ತಾರೆ, ಕಳೆದ ಎಮ್ಮೆ ಸಿಗಲಿ ಎಂದು ಎಲೆ ಅಡಿಕೆ ಬಿಡುತ್ತಾರೆ. ಆದರೆ ರೊಟ್ಟಿಯನ್ನೇ ಬಿಟ್ಟರೆ ನಮ್ಮ ಸೀಮೆಯಲ್ಲಿ ಉಣ್ಣಲು ಉಳಿಯುವುದೇನು? ಅದೂ ನನ್ನ ಸುಳ್ಳಿಗಾಗಿ. ಕೈಯಲ್ಲಿದ್ದ ಮಾಂತೊವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಕಾಕಾ ಮೇಜಿನ ಮೇಲೆ ಒಂದು ಗಂಟು ಬಿಚ್ಚಿದರು. ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ. ರೈಲಿನಲ್ಲಿ ಅಷ್ಟು ದಿನ ಬಂದರೂ ಒಂದೆರಡಷ್ಟೇ ಮುರಿದಿದ್ದವು. "ನನ್ನ ಕಣ್ಮುಂದ ನೀ ಉಣ್ಣಬೇಕಂತ. ಹಸದು ಉಂಡಾನ, ನಾ ನೋಡೀನಿ ಅಂತ ಹೋಗಿ ಹೇಳಿದ್ರ ಅವತ್ತ ಆಕಿ ರೊಟ್ಟಿ ಮುರೀತಾಳ. ಉಣ್ಣು."

ತುತ್ತು ಬಾಯಿಗಿಟ್ಟೆ. ಗಂಟಲತನಕ ಶಾವಿಗೆ ತುಂಬಿತ್ತು. ವರ್ಷವಿಡೀ ಯಾವುದಕ್ಕಾಗಿ ಅತ್ತು ಪತ್ರ ಬರೆದಿದ್ದೆನೋ ಅದು ಬಾಯಲ್ಲಿ ಒಣಗಿ ಹೊಟ್ಟಿನ ಹಾಗೆ ಹೊರಳಿತು. ನೀರು ಕುಡಿದು ಅರ್ಧ ರೊಟ್ಟಿ ನೂಕಿದೆ. ಮುಂದೆ ಇಳಿಯಲಿಲ್ಲ.

"ಇದನ್ನ ಹಸದು ಉಂಡಾನ ಅಂತ ಹೆಂಗ ಹೇಳ್ಲಿ ತಮ್ಮಾ? ನನಗ ಸುಳ್ಳು ಹೇಳಾಕ ಹಚ್ಚಬ್ಯಾಡ" ಎಂದರು ಕಾಕಾ.

ಮೂರನೆಯ ಬಟ್ಟಲು ಹಿಡಿದು ಬಂದ ವಾಂಗ್ ಚಾಚಾ ಅಲ್ಲೇ ನಿಂತುಬಿಟ್ಟ. ಬಟ್ಟಲನ್ನು ಪಕ್ಕದ ಮೇಜಿಗಿಟ್ಟು, ಒಂದು ಚೂರು ರೊಟ್ಟಿ ಎತ್ತಿ ಮೂಸಿ, "ಗಾವ್ಲ್ಯಾಂಗ್!" ಎಂದ. ಅದು ಅವರ ಭಾಷೆಯಲ್ಲಿ ಜೋಳದ ಹೆಸರು. ಅವನ ಊರಲ್ಲೂ ಆಳೆತ್ತರ ಜೋಳ ಬೆಳೆಯುತ್ತದಂತೆ. ಅವನ ತಾಯಿಯೂ ದೊಡ್ಡ ಹಂಚಿನ ಮೇಲೆ ತೆಳ್ಳಗೆ ಹರಡಿ, ಒಣಗಿಸಿ, ತಿಂಗಳಿಗಾಗುವಷ್ಟು ಪೇರಿಸಿಡುತ್ತಿದ್ದಳಂತೆ. ಜಪಾನಿನವರು ಆ ಸೀಮೆ ಹಿಡಿದಾಗಿನಿಂದ ಆಕೆಯ ಸುದ್ದಿಯಿಲ್ಲ. "ತಿನ್ನಲಾ?" ಎಂದು ಕೇಳಿದ. ನಾನು ಗಂಟನ್ನೇ ಅವನತ್ತ ಸರಿಸಿದೆ.

ಅವನು ನಿಂತೇ ತಿಂದ. ಚಟ್ನಿ ಹಚ್ಚಿಕೊಂಡು ಒಂದು, ಎರಡು, ಮೂರು. ಗಿರಾಕಿಗಳು ಕರೆದರೂ ಹೋಗಲಿಲ್ಲ. ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ. ಕೊನೆಗೆ ಬೆರಳು ಒದ್ದೆ ಮಾಡಿಕೊಂಡು ಬಟ್ಟೆಯ ಮೇಲಿನ ಪುಡಿಯನ್ನೂ ಎತ್ತಿ ತಿಂದ.

ಹುಸೇನಸಾಬ್ ಕಾಕಾ ಆ ಬಟ್ಟೆಯನ್ನು ಮಡಿಚಿಕೊಂಡರು. ಏಳುವಾಗ ಹೇಳಿದರು: "ಹಸದು ಉಂಡದ್ದು ನೋಡೀನಿ ಅಂತ ಹೇಳ್ತೀನಿ. ಯಾರು ಉಂಡ್ರು ಅಂತ ಆಕಿ ಕೇಳಿದ್ರ ಮಾತ್ರ ನಾ ಸಿಕ್ಕೊಂಡೆ."

ಆಕೆ ಕೇಳಲಿಲ್ಲ. ಕಾಕಾ ಊರು ಮುಟ್ಟಿ ಹೇಳಿದ ದಿನವೇ ರೊಟ್ಟಿ ಮುರಿದಳೆಂದು ಅಣ್ಣ ಬರೆದ. ಪತ್ರ ಹಿಡಿದು ಅತ್ತೆ, ನಿಜ ಬರೆಯಲು ಕುಳಿತೆ, ಹರಿದು ಹಾಕಿದೆ. ನಿಜ ತಿಳಿದರೆ ಮತ್ತೆ ಏನು ಬಿಟ್ಟಾಳೋ ಎಂಬ ಹೆದರಿಕೆ ನೆಪ. ಅಕ್ಕನ ಕಣ್ಣಲ್ಲಿ ಸಣ್ಣವನಾಗಲು ನನಗೆ ಧೈರ್ಯವಿರಲಿಲ್ಲ, ಅಷ್ಟೆ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಕೆನೆಮೊಸರು ಇಟ್ಟು ಅಕ್ಕ ಎದುರಿಗೇ ಕುಳಿತಳು. ನಾಲ್ಕನೆಯ ದಿನ ನಾಲಿಗೆ ಆ ಕರಿ ಮೊಟ್ಟೆಯನ್ನು ಕೇಳಿತು. "ಯಾಕೋ ತಮ್ಮಾ, ಉಣವಲ್ಲಿ?" ಎಂದಳು. ಹೊಟ್ಟೆ ಸರಿಯಿಲ್ಲವೆಂದೆ. ಇಲ್ಲಿ ಕುಳಿತರೆ ಅಲ್ಲಿಯದು, ಅಲ್ಲಿ ಕುಳಿತರೆ ಇಲ್ಲಿಯದು. ಎರಡೂ ಕಡೆ ಅರ್ಧ ಊಟದವನಾಗಿದ್ದೇನೆ. ಎರಡೂ ಕಡೆ ಯಾರಿಗಾದರೂ ಸುಳ್ಳು ಹೇಳುತ್ತಿದ್ದೇನೆ.

ಅಕ್ಕನಿಗೆ ಓದು ಬಾರದು. ತಾವರಗೇರಾದವರು ಯಾರಾದರೂ ಇದನ್ನು ಅಚ್ಚಿನಲ್ಲಿ ಕಂಡರೆ ನಮ್ಮ ಮನೆಗೆ ಹೋಗಿ ಆಕೆಗೆ ಪೂರ್ತಿ ಓದಿ ಹೇಳಬೇಕು, ಏನನ್ನೂ ಬಿಡಬಾರದು. ಆದರೆ ಮೊದಲು, ಉಂಡೆಯಾ ಎಂದು ಕೇಳಿ. ಉಂಡಿಲ್ಲವೆಂದರೆ ಕಟ್ಟೆಯ ಮೇಲೆ ಕಾದು ಕುಳಿತುಕೊಳ್ಳಿ. ಆಕೆ ರೊಟ್ಟಿ ಉಂಡು ಕೈ ತೊಳೆದ ಮೇಲೆ ಓದಿ.