ದೊಡ್ಡಪ್ಪನ ಮೂಗು, ಕೊಲಂಬೊದ ಫಾರ್ಮು

ದೊಡ್ಡಪ್ಪನ ಮೂಗು ದಪ್ಪ, ತುದಿ ಸದಾ ಕೆಂಪು. ಬೆಳಿಗ್ಗೆ ಶೆಡ್ಡಿಗೆ ಬಂದವರೇ ಗುಡ್ಡೆಯಿಂದ ಒಂದು ಈರುಳ್ಳಿ ಆರಿಸಿ, ಎರಡೂ ಅಂಗೈ ನಡುವೆ ಹಿಸುಕಿ ಆ ಮೂಗಿಗೆ ಹಿಡಿಯುತ್ತಿದ್ದರು. ಕಣ್ಣಲ್ಲಿ ಹನಿ ನೀರು ಬರುತ್ತಿರಲಿಲ್ಲ. "ಇದು ಹಡಗು ಹತ್ತಲ್ಲ" ಎಂದರೆ ಮುಗಿಯಿತು, ಆ ಗುಡ್ಡೆಯನ್ನು ಯಾರೂ ಮುಟ್ಟುವಂತಿಲ್ಲ. ಅವರು ತೀರಿಕೊಂಡ ಮೇಲೆ, ನಾಲ್ಕು ಒಳ್ಳೆಯ ಮಾತು ಬರಿ ಎಂದು ಮನೆಯವರು ಬೆನ್ನು ಹತ್ತಿದ್ದಾರೆ. ನನ್ನ ಹತ್ತಿರ ಅಷ್ಟು ಇಲ್ಲ.

ನಮ್ಮ ಕಡೆ ಬೆಳೆಯುವ ಗುಲಾಬಿ ಈರುಳ್ಳಿ ಗೋಲಿಗಿಂತ ಸ್ವಲ್ಪ ದೊಡ್ಡದು, ಬಣ್ಣ ಗಾಢ, ಘಾಟು ಜಾಸ್ತಿ. ಬೆಳೆಯುವ ನಾವು ತಿನ್ನುವುದು ಅಪರೂಪ. ಕೊಲಂಬೊ, ಮಲೇಷ್ಯಾದ ಪೆನಾಂಗಿನವರಿಗೆ ಅದಿಲ್ಲದೆ ಸಾರು ಆಗುವುದಿಲ್ಲ. ಗೌರಿಬಿದನೂರು ಸ್ಟೇಷನ್ ಹತ್ತಿರದ ನಮ್ಮ ಶೆಡ್ಡಿನಲ್ಲಿ ಮೂವತ್ತು ಹೆಂಗಸರು ಅದನ್ನು ಆರಿಸಿ ಚೀಲ ತುಂಬುತ್ತಿದ್ದರು. ಅಪ್ಪ ಹೋದ ಮೇಲೆ ಅವರ ಪಾಲಿಗೆ ನಾನು ಬಂದೆ. ಕಾಗದಪತ್ರ ನನ್ನದು, ಮೀಸೆ ದೊಡ್ಡಪ್ಪನದು.

ಕೊಲಂಬೊದ ವ್ಯಾಪಾರಿಯ ಮನೆಯಲ್ಲಿ ಅವರು ಒಂದು ಸಲ ಊಟ ಮಾಡಿದ್ದರು. ಒಂದೇ ಸಲ. ಆ ಊಟದ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಸೊಪ್ಪಿನ ಪಲ್ಯಕ್ಕೆ ಎಷ್ಟು ತೆಂಗಿನಕಾಯಿ ಬಿದ್ದಿತ್ತು ಎನ್ನುವುದೂ ಬಾಯಿಪಾಠ. ರಫ್ತು ವ್ಯಾಪಾರಕ್ಕೆ ವಿಮೆ ಕೊಡುವ ಸರ್ಕಾರಿ ಸಂಸ್ಥೆಯ ಅಧಿಕಾರಿಯೊಬ್ಬ ಬೆಂಗಳೂರಿನಿಂದ ಬಂದಾಗ ಅದೇ ಊಟ ಅಡ್ಡ ಬಂತು. ಆತ, ಪಾಪ, ನಿಧಾನವಾಗಿ ಬಿಡಿಸಿ ಹೇಳಿದ. ಹೊರದೇಶದ ಖರೀದಿದಾರ ಎಂಥವನೆಂದು ಸಂಸ್ಥೆಯೇ ಅಲ್ಲಿ ವಿಚಾರಿಸುತ್ತದೆ. ಅವನು ಕೈಯೆತ್ತಿದರೆ, ಅಥವಾ ಅವನ ದೇಶವೇ ಹಣವನ್ನು ಹೊರಗೆ ಬಿಡದಿದ್ದರೆ, ನಷ್ಟದ ಬಹುಪಾಲನ್ನು ಕಟ್ಟಿಕೊಡುತ್ತದೆ. ಆ ಧೈರ್ಯದ ಮೇಲೆ ಬ್ಯಾಂಕೂ ಸಲೀಸಾಗಿ ಸಾಲ ಕೊಡುತ್ತದೆ. ದೊಡ್ಡಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಕೇಳಿದರು.

"ಉಂಡ ಮನೆ ಜಂತೆ ಎಣಿಸ್ಬಾರ್ದು ಸ್ವಾಮಿ. ಅನ್ನ ಹಾಕ್ದೋನು ಕೊಡ್ತಾನೋ ಇಲ್ವೋ ಅಂತ ನಿಮ್ಮನ್ನ ಕಳ್ಸಿ ವಿಚಾರಿಸ್ಲಾ?"

"ಆ ದೇಶದ ಪರಿಸ್ಥಿತಿನೂ ನೋಡ್ಬೇಕಲ್ಲ ಸರ್" ಎಂದ ಆತ.

"ದೇಶ ತಗೊಂಡ್ ನಾನೇನ್ ಮಾಡ್ಲಿ. ನಾನ್ ಮಾರೋದು ಮನುಷ್ಯನ್ಗೆ."

ಇಂಥ ಮಾತಿಗೆ ತಲೆದೂಗುವವರು ನಮ್ಮೂರಲ್ಲಿ ಯಾವಾಗಲೂ ಸಿಗುತ್ತಾರೆ. ವಿಮೆಯಿಲ್ಲದೆ ಸಾಲವಿಲ್ಲ ಎಂದು ಬ್ಯಾಂಕಿನವರು ಕಡ್ಡಿ ಮುರಿದಂತೆ ಹೇಳಿದ ಮೇಲೆ ನಾನೇ ಸಹಿ ಹಾಕಿ ಪಾಲಿಸಿ ತಂದೆ. ದೊಡ್ಡಪ್ಪ ಅದನ್ನು ತಿರುಗಿಯೂ ನೋಡಲಿಲ್ಲ.

ಆಮೇಲೆ ಕೊಲಂಬೊದಲ್ಲಿ ಡಾಲರ್ ಮುಗಿಯಿತು. ಪೆಟ್ರೋಲಿಗಾಗಿ ಅಲ್ಲಿನ ಜನ ದಿನಗಟ್ಟಲೆ ಸಾಲು ನಿಂತ ವರ್ಷ ಅದು. ವ್ಯಾಪಾರಿ ತನ್ನ ದೇಶದ ರೂಪಾಯಿಯನ್ನು ಬ್ಯಾಂಕಿಗೆ ಕಟ್ಟಿದ್ದ. ನಮಗೆ ಕಳಿಸಲು ಬ್ಯಾಂಕಿನಲ್ಲಿ ಡಾಲರ್ ಇರಲಿಲ್ಲ. ನಮ್ಮ ಮೂರು ಕಂಟೇನರ್ ಈರುಳ್ಳಿ ಅಷ್ಟರಲ್ಲಿ ಅವರ ಹೊಟ್ಟೆ ಸೇರಿಯಾಗಿತ್ತು. ಹಣ ತಡವಾಗಿದೆ ಎಂದು ಸಂಸ್ಥೆಗೆ ಗಡುವಿನೊಳಗೆ ತಿಳಿಸಬೇಕು, ಇಲ್ಲದಿದ್ದರೆ ವಿಮೆ ಇದ್ದೂ ಇಲ್ಲದಂತೆ. ನಾನು ಫಾರ್ಮ್ ತುಂಬಿ ಮೇಜಿನ ಮೇಲಿಟ್ಟೆ. ಮಾರನೆಯ ದಿನ ಅದು ಅಲ್ಲಿರಲಿಲ್ಲ. ಹುಡುಕಿದರೆ ವೆಂಕಟರಮಣನ ಫೋಟೋ ಹಿಂದೆ ಸಿಕ್ಕಿತು.

"ಇದು ದೂರಲ್ಲ ದೊಡ್ಡಪ್ಪ. ತಡ ಆಗಿದೆ ಅಂತ ತಿಳಿಸೋದಷ್ಟೆ."

"ಊರುಕೋಮ್ಮಾ" ಎಂದು ತೆಲುಗಿನಲ್ಲಿ ಬಾಯಿ ಮುಚ್ಚಿಸಿದರು. "ಮುರುಗಮಲ್ಲಕ್ಕೆ ಹೋಗಿ ಹರಕೆ ಹೊತ್ಕೊಂಡ್ ಬರ್ತೀನಿ. ದುಡ್ಡು ತಾನೇ ಬರ್ತದೆ."

ಹೋದರು ಕೂಡ. ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದು ಶೆಡ್ಡಿನವರಿಗೆಲ್ಲ ಹಂಚಿದರು. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ಫಾರ್ಮ್ ಅಡಗಿಸಿಟ್ಟು ಹರಕೆ ಹೊರುವವರ ಬಗ್ಗೆ ಇದೆ. ತೊಂಡೇಬಾವಿಯಿಂದ ರೈಲಿನಲ್ಲಿ ಬರುತ್ತಿದ್ದ ಹಿರಿಯ ಹೆಂಗಸೊಬ್ಬಳು ಆ ಸಕ್ಕರೆಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ನನ್ನ ಹತ್ತಿರ ಬಂದಳು. "ಶೆಡ್ಡು ಮುಚ್ತೀರಾಮ್ಮ? ಮುಚ್ಚೋದಾದ್ರೆ ಈಗ್ಲೇ ಹೇಳ್ಬಿಡಿ. ಮೂವತ್ ಜನ ಬೇರೆ ಕೆಲ್ಸ ಹುಡುಕ್ಕೋಬೇಕು" ಎಂದಳು. ಗಡುವಿಗೆ ಎರಡು ದಿನ ಉಳಿದಿತ್ತು. ಪಾಲುದಾರಳಾದ ನನ್ನ ಸಹಿಯೂ ನಡೆಯುತ್ತಿತ್ತು. ಅಂದೇ ಕಳಿಸಿದೆ.

ಮೂರು ತಿಂಗಳು ದೊಡ್ಡಪ್ಪ ನನ್ನೊಂದಿಗೆ ಮಾತು ಬಿಟ್ಟರು. ಬೀದಿಯಲ್ಲಿ ಸಿಕ್ಕವರಿಗೆಲ್ಲ "ನಮ್ ಹುಡ್ಗಿ ನನ್ ಮರ್ಯಾದೆ ಮಣ್ಣುಪಾಲು ಮಾಡಿದ್ಲು" ಎಂದರು. ಕಾಯಿಸಿ ಕಾಯಿಸಿ ಕೊನೆಗೆ ಸಂಸ್ಥೆ ಹಣ ಕಟ್ಟಿಕೊಟ್ಟಿತು, ಶೆಡ್ಡು ಉಳಿಯಿತು. ಆ ವರ್ಷದ ವ್ಯಾಪಾರಿಗಳ ಸಭೆಯಲ್ಲಿ ದೊಡ್ಡಪ್ಪ ಶಾಲು ಹೊದೆಸಿಕೊಂಡು ಮೈಕ್ ಹಿಡಿದರು. "ವ್ಯಾಪಾರಕ್ಕೆ ದೂರದೃಷ್ಟಿ ಬೇಕು. ನಾನು ಮೊದ್ಲೇ ವಿಮೆ ಮಾಡ್ಸಿಟ್ಟಿದ್ದೆ" ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಹೇಸಿಗೆಯಾಯಿತು. ಇಷ್ಟು ಸಲೀಸಾಗಿ ಸುಳ್ಳಾಡುವ ಮನುಷ್ಯ ಉಂಡ ಮನೆಯ ಋಣದ ಹೆಸರಲ್ಲಿ ಮೂವತ್ತು ಹೆಂಗಸರ ಕೂಳನ್ನು ಪಣಕ್ಕಿಟ್ಟಿದ್ದ.

ಎರಡು ವರ್ಷದ ಹಿಂದೆ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಹನ್ನೊಂದನೆಯ ದಿನ ಕೊಲಂಬೊದ ವ್ಯಾಪಾರಿ ಫೋನ್ ಮಾಡಿ, ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಅತ್ತ. ನಾನು ಮುಜುಗರದಿಂದಲೇ, ಆಗ ನಿಮ್ಮ ವಿಷಯ ಸಂಸ್ಥೆಗೆ ತಿಳಿಸಿದ್ದು ದೊಡ್ಡಪ್ಪನಲ್ಲ, ನಾನು ಎಂದೆ. ಆತ ಆಶ್ಚರ್ಯಪಟ್ಟ. ಹಣ ನಿಂತ ಮೊದಲ ವಾರವೇ ನಾನು ನಿಮ್ಮ ದೊಡ್ಡಪ್ಪನಿಗೆ ಹೇಳಿದ್ದೆನಲ್ಲ, ಕಾಗದ ಕಳಿಸಿಬಿಡಿ ಅಣ್ಣ, ಡಾಲರ್ ಇಲ್ಲದಿರುವುದು ನನ್ನ ದೇಶಕ್ಕೆ, ನನಗೇನೂ ಆಗುವುದಿಲ್ಲ ಅಂತ, ಎಂದ.

ಅಂದರೆ ದೊಡ್ಡಪ್ಪ ಕಾಪಾಡುತ್ತಿದ್ದದ್ದು ಗೆಳೆಯನ ಮರ್ಯಾದೆಯನ್ನಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇವರು ಬೀಳುವ ಮೊದಲೇ ಮೀಸೆ ಒರೆಸಿಕೊಳ್ಳುತ್ತ ಕೂತಿದ್ದರು.

ಆದರೂ ಒಂದು ಸಾಲು ನನ್ನನ್ನು ಬಿಟ್ಟಿಲ್ಲ. ಪರಿಹಾರದ ಅರ್ಜಿಯಲ್ಲಿ, ಮಾಲಿನ ಬಗ್ಗೆ ಖರೀದಿದಾರನ ತಕರಾರು ಇದೆಯೇ ಎಂಬ ಪ್ರಶ್ನೆಯಿತ್ತು. ತಕರಾರಿದ್ದರೆ, ಮೊದಲು ನೀವು ನೀವೇ ಬಗೆಹರಿಸಿಕೊಳ್ಳಿ ಎಂದು ಸಂಸ್ಥೆ ಪಕ್ಕಕ್ಕೆ ಸರಿಯುತ್ತದೆ. ಚಿಂತಾಮಣಿಯ ರಫ್ತುದಾರರೊಬ್ಬರ ಅರ್ಜಿ ಅದೇ ವರ್ಷ ಕೊಳೆತ ಚೀಲಗಳ ಕಾರಣಕ್ಕೆ ಅಲ್ಲೇ ನಿಂತುಹೋಯಿತು. ನಮ್ಮ ವ್ಯಾಪಾರಿಯೋ, ಸಂಸ್ಥೆಯವರು ಕೇಳಿದಾಗ, ಇಷ್ಟು ವರ್ಷದಲ್ಲಿ ಒಂದು ಕೆಟ್ಟ ಗೆಡ್ಡೆ ಬಂದಿಲ್ಲ ಎಂದು ಬರೆದುಕೊಟ್ಟಿದ್ದ. ಆ ಪ್ರಶ್ನೆಯ ಮುಂದೆ "ಇಲ್ಲ" ಎಂದು ಬರೆದದ್ದು ನನ್ನ ಕೈ. ಬರೆಸಿದ್ದು ಆ ಕೆಂಪು ಮೂಗು.

ಈಗ ಬೆಳಿಗ್ಗೆ ನಾನೇ ಈರುಳ್ಳಿ ಹಿಸುಕಿ ಮೂಸುತ್ತೇನೆ. ಕಣ್ಣು ಉರಿಯುತ್ತದೆ, ಹತ್ತರಲ್ಲಿ ಎರಡು ಸಲ ತಪ್ಪುತ್ತೇನೆ. ದೊಡ್ಡಪ್ಪನನ್ನು ನಾನು ಕ್ಷಮಿಸಿಲ್ಲ. ತಪ್ಪಿದ ದಿನ ಮಾತ್ರ ಮೊದಲು ನೆನಪಾಗುವುದು ಅವರೇ.