ಮಾಸ್ತರು ಆಡದ ಅರ್ಥ

ಹೊನ್ನಾವರದ ಮಹಾಗಣಪತಿ ಮಾಸ್ತರಿಗೆ ಮಾತೇ ಬಂಡವಾಳ. ಶಾಲೆಯಲ್ಲಿ ಕಲಿಸುತ್ತಿದ್ದುದು ಹೊಟ್ಟೆಪಾಡಿಗೆ. ಹೆಸರು ಬಂದದ್ದು ತಾಳಮದ್ದಲೆಯಿಂದ. ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಚಾಪೆ ಹಾಸಿ ಕೂತು, ಭಾಗವತ ಪದ ಹೇಳಿದ ಕೂಡಲೇ ಪುರಾಣದ ಯಾರೋ ಆಗಿ ಮಾತಿಗೆ ಮಾತು ಕೊಡುವ ಆಟ ಅದು; ಆ ಮಾತಿಗೆ ಅರ್ಥ ಎನ್ನುವರು, ಆಡುವವನಿಗೆ ಅರ್ಥಧಾರಿ. ಉತ್ತರ ಕೊಡಲಾರದವ ಸೋತ. ಮಾಸ್ತರು ಸೋತದ್ದನ್ನು ಕುಮಟೆಯಿಂದ ಭಟ್ಕಳದವರೆಗೆ ಯಾರೂ ಕಂಡಿರಲಿಲ್ಲ. ಇವತ್ತು ರಾಕ್ಷಸನ ಪಕ್ಷ ಹಿಡಿದು ದೇವರ ಬಾಯಿ ಕಟ್ಟಿಸುವರು, ಮರುವಾರ ದೇವರಾಗಿ ಕೂತು ಅದೇ ರಾಕ್ಷಸನ ನೀರಿಳಿಸುವರು. ಎರಡಕ್ಕೂ ಚಪ್ಪಾಳೆ.

ಅಂಥವರ ಕೈಗೆ ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ, ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ, ಸೈಕಲ್ಲಿನ ಮೇಲೆ ಧರ್ಮದ ಪುಸ್ತಕ ಹಂಚುವವನೊಬ್ಬ ಯೇಸುವಿನ ಕಥೆಯನ್ನು ತುರುಕಿ ಹೋದ. ಓದುವ ಚಟ ಕೇಳಬೇಕೇ? ಬಸ್ಸು ಹೊನ್ನಾವರ ಮುಟ್ಟುವುದರೊಳಗೆ ಮುಕ್ಕಾಲು ಮುಗಿದಿತ್ತು. ಮೊದಲು ಹುಟ್ಟಿದ್ದು ಹೇಸಿಗೆ. ಕನ್ನಡವೋ, ಒಣ ಹಲಗೆ. ಅದಾದರೂ ಹೋಗಲಿ, ಆ ದೇವರು! ಕೈ ಕಟ್ಟಿ ತಂದು ಪಿಲಾತನೆಂಬ ಅಧಿಕಾರಿಯ ಮುಂದೆ ನಿಲ್ಲಿಸಿದ್ದಾರೆ, ಹಸಿಸುಳ್ಳು ಹೊರಿಸುತ್ತಿದ್ದಾರೆ; ಇವನು ಒಂದೆರಡು ಮಾತಾಡಿ ಬಾಯಿ ಮುಚ್ಚಿಬಿಡುತ್ತಾನೆ.

"ಎಂತ ದೇವರನಾ ಇಂವ? ಬಾಯಲ್ಲಿ ಒಂದ್ ಉತ್ರ ಇಲ್ಲೆ!" ಎಂದು ಹೆಂಡತಿ ನರ್ಮದೆಯ ಮುಂದೆ ಪುಸ್ತಕ ಕುಕ್ಕಿದರು.

ಆದರೆ ಆ ಮೌನ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಾಯಿತು. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಹೊಳೆ ದಾಟಿ ಆಚೆ ದಡದ ಕಾಸರಕೋಡಿನ ಪಾದ್ರಿಯವರಿಂದ ದಪ್ಪ ದಪ್ಪ ಇಂಗ್ಲಿಷ್ ವ್ಯಾಖ್ಯಾನಗಳನ್ನು ಎರವಲು ತಂದು ಓದಿದರು. ಹೇಸಿಗೆ ಇಮ್ಮಡಿಯಾಯಿತು. ಅವನು ಸುಮ್ಮನಿದ್ದುದೇಕೆ ಎಂದು ಪಂಡಿತರು ಪುಟಗಟ್ಟಲೆ ಮಾತಾಡಿದ್ದರು! ಹಳೆಯ ಭವಿಷ್ಯವಾಣಿ ನಿಜವಾಗಲೆಂದು ಒಬ್ಬ, ಲೋಕದ ಪಾಪ ತೊಳೆಯಲೆಂದು ಇನ್ನೊಬ್ಬ. ಬಾಯಿ ಮುಚ್ಚಿದವನ ಗಂಟಲಿಗೆ ಕೈಹಾಕಿ ಮಾತು ಕೀಳುವ ಜನ. ಹಾಗೆ ಬೈಯುತ್ತಿರುವಾಗಲೇ ಮಾಸ್ತರಿಗೆ ಚುಚ್ಚಿತು: ಇಷ್ಟು ವರ್ಷ ತಮ್ಮ ದೇವರುಗಳ ಬಾಯಿಗೆ ತಾವು ತುರುಕಿದ್ದೂ ಇದೇ ಸರಕಲ್ಲವೇ? ಕಲ್ಪನೆಯೆಂದರೆ ಇಲ್ಲದ್ದನ್ನು ಸೇರಿಸುವುದು ಎಂದುಕೊಂಡಿದ್ದರು. ಈ ಕಥೆ ಬರೆದ ಪುಣ್ಯಾತ್ಮ ಸೇರಿಸಬಹುದಾದ ಜಾಗದಲ್ಲಿ ಕೈ ತಡೆದಿದ್ದ. ತಮಗೆ ಅದು ಒಮ್ಮೆಯೂ ಸಾಧ್ಯವಾಗಿರಲಿಲ್ಲ.

ಆಗಲೇ ಕಾಸರಕೋಡಿನ ಇನಾಸ ಫರ್ನಾಂಡಿಸ ಬಂದ. ದೋಣಿ ಕಟ್ಟುವವ, ಆ ವರ್ಷ ಚರ್ಚಿನ ಹಬ್ಬದ ಮುಂದಾಳು. ಅರ್ಥಧಾರಿಯನ್ನು ಕರೆಯುವ ಪದ್ಧತಿಯಂತೆ ತಟ್ಟೆಯಲ್ಲಿ ವೀಳ್ಯ ತಂದಿದ್ದ.

"ಯೇಸುವಿನ ವಿಚಾರಣೇದು ತಾಳಮದ್ದಲೆ ಮಾಡ್ವ ಅಂತ, ಮಾಸ್ತರೇ. ಲಿಂಗಪ್ಪ ಭಾಗ್ವತ್ರು ಪದ ಕಟ್ಟಿದ್ರು. ರಮಾನಂದ ವಕೀಲ್ರು ಪಿಲಾತ, ನೀವು ಯೇಸು. ನಮ್ ದೇವ್ರನ್ನ ಗೆಲ್ಸೂದು ನಿಮ್ ಭಾರ."

"ಯೇಸು ಅಲ್ಲಿ ವಾದ ಮಾಡೂದಿಲ್ಲ, ಇನಾಸ."

"ಅದ್ಕೇ ಅಲ್ವಾ ನಿಮ್ಮತ್ರ ಬಂದದ್ದು!"

ಮಾಸ್ತರು ನಗಲೂ ಆರದೆ ವೀಳ್ಯ ತೆಗೆದುಕೊಂಡರು.

ಹಬ್ಬದ ಮಧ್ಯಾಹ್ನ ಮೀನು ಒಣಗಿಸುವ ಬಯಲಲ್ಲಿ ಚಪ್ಪರ. ಹೊನ್ನಾವರದವರೂ ಕಾಸರಕೋಡಿನವರೂ ಕಿಕ್ಕಿರಿದಿದ್ದರು. ವಕೀಲ ರಮಾನಂದರು ಶಾಲು ಸರಿಪಡಿಸಿಕೊಂಡು ಶುರುಮಾಡಿದರು: "ಎಲವೋ ಬಡಗಿಯ ಮಗನೆ, ದೇವರ ಮಗನಂತೆ ನೀನು. ಅಪ್ಪ ಯಾರೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಬರಬಾರದೇ?"

ಸಭೆ ಬಿದ್ದು ಬಿದ್ದು ನಕ್ಕಿತು. ಇನಾಸನ ಕಡೆಯವರೂ ನಕ್ಕರು; ಮಾಸ್ತರು ಈಗ ಬಡ್ಡಿ ಸಮೇತ ತೀರಿಸುತ್ತಾರೆಂಬ ಧೈರ್ಯ. ಮಾಸ್ತರ ನಾಲಿಗೆಯಲ್ಲಿ ಉತ್ತರಗಳು ಸಾಲುಗಟ್ಟಿದ್ದವು. ಒಂದನ್ನು ಬಿಟ್ಟಿದ್ದರೆ ವಕೀಲರು ಚಾಪೆ ಸುತ್ತಿಕೊಂಡು ಏಳಬೇಕಿತ್ತು. ಬಿಡಲಿಲ್ಲ. ಭಾಗವತ ಪದವನ್ನು ಮತ್ತೆ ಎತ್ತಿಕೊಟ್ಟ. ಮಾಸ್ತರು ನೆಲ ನೋಡುತ್ತ ಕೂತರು. ಎದುರಾಳಿಯ ಮಾತಿಲ್ಲದೆ ವಕೀಲರ ಹಾಸ್ಯ ಹೊಲಸಿಗಿಳಿಯಿತು. ಹೊಲಸಿಗಿಳಿದಷ್ಟೂ ನಗು ಏರಿತು. "ಉಲಯ್ ರೇ, ಬಾಯಿ ಬಿಡು!" ಎಂದು ಹಿಂದಿನಿಂದ ಕೂಗಿದರು. ಸಿಳ್ಳೆ ಬಿತ್ತು. ಕೊನೆಗೆ ಭಾಗವತನೇ ಮಂಗಳ ಹಾಡಿ ಮುಗಿಸಿದ.

ಇನಾಸನ ಕಣ್ಣು ಕೆಂಪಾಗಿತ್ತು. "ಊರೆದುರು ನಮ್ ದೇವ್ರ ಮರ್ಯಾದಿ ತೆಗದ್ರಿ" ಎಂದವನು ಹೊಳೆ ದಾಟಿಸುವ ತಾರಿಯ ತನಕವೂ ಬರಲಿಲ್ಲ.

ಹೊಳೆ ದಾಟುವಾಗ ಮಾಸ್ತರಿಗೆ ಆ ನಗುವನ್ನು ನೆನೆದು ಹೇಸಿಗೆಯಾಗುತ್ತಿತ್ತು. ನಡುಹೊಳೆಯಲ್ಲಿ ಅದಕ್ಕಿಂತ ಕೆಟ್ಟದ್ದು ನೆನಪಾಯಿತು. ನೆಲ ನೋಡುತ್ತ ಕೂತಿದ್ದು ಹೌದು, ಕಣ್ಣಂಚಿನಲ್ಲಿ ಸಭೆಯನ್ನೂ ನೋಡುತ್ತಿದ್ದರು. ಒಬ್ಬನಾದರೂ 'ಆಹಾ, ಎಂಥ ಮೌನ!' ಎಂದಾನೆಂದು ಕಾಯುತ್ತಿದ್ದರು. ಯಾರೂ ಅನ್ನದಿದ್ದಾಗ ಮುಖ ಸಣ್ಣದಾಗಿತ್ತು. ಆ ಕಥೆಯ ಯೇಸು ಯಾರ ಮುಖವನ್ನೂ ನೋಡಿರಲಿಕ್ಕಿಲ್ಲ. ಥೂ, ಸುಮ್ಮನಿದ್ದದ್ದನ್ನೂ ಚಪ್ಪಾಳೆಗಾಗಿ ಅರ್ಥ ಹೇಳಿದ ಹಾಗೇ ಮಾಡಿದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

ಮಾತು ಬತ್ತಿದವನಿಗೆ ವೀಳ್ಯ ಕೊಡುವವರುಂಟೇ? ಆ ವರ್ಷ ಯಾರೂ ಕರೆಯಲಿಲ್ಲ. ಸಂಜೆ ತಾಳದ ಸದ್ದು ಕೇಳಿದರೆ ಮಾಸ್ತರು ಕಿಟಕಿ ಮುಚ್ಚುತ್ತಿದ್ದರು. ಅರ್ಥಕ್ಕೆ ಕೂರುವ ಆಸೆ ಮಾತ್ರ ಹೋಗಿರಲಿಲ್ಲ.

ಮುಂದಿನ ವರ್ಷ ವೀಳ್ಯದ ತಟ್ಟೆ ಹಿಡಿದು ಜಗಲಿ ಹತ್ತಿದವರು ರಮಾನಂದ ವಕೀಲರೇ. ಭಟ್ಕಳಕ್ಕೆ ಹೊರಟಿದ್ದರು.

"ಭಟ್ಕಳದವ್ರಿಗೆ ಅದೇ ಪ್ರಸಂಗ ಬೇಕಂತೆ, ಮಾಸ್ತರೇ. ನಿಮ್ಮ ಮೌನ ಈಗ ದೊಡ್ಡ ಸುದ್ದಿ. ನೀವು ಹೋದ್ಸಲದ ಹಾಂಗೆ ಸುಮ್ನೆ ಕೂತ್ರೆ ಸಾಕು. ಚಪ್ಪಾಳೆಗೆ ನಾ ಜವಾಬ್ದಾರಿ."

ಮಾಸ್ತರು ತಟ್ಟೆಯನ್ನೇ ನೋಡುತ್ತ ಕೂತರು.

"ಮೌನಂ ಸಮ್ಮತಿ ಲಕ್ಷಣಂ! ಆತು ಹಾಂಗಾರೆ" ಎಂದು ನಕ್ಕು ವಕೀಲರು ತಟ್ಟೆಯನ್ನು ಜಗಲಿಯಲ್ಲಿಟ್ಟು ತಾರಿಯ ಕಡೆ ನಡೆದರು.

ನರ್ಮದೆ ಒಳಗಿನಿಂದ ಬಂದು ತಟ್ಟೆ ನೋಡಿದಳು. "ಒಪ್ಪಿಗಂಡ್ರಾ?"

ಮಾಸ್ತರು ತಟ್ಟೆ ಎತ್ತಿಕೊಂಡು ಬರಿಗಾಲಲ್ಲೇ ಓಡಿದರು. ತಾರಿ ಇನ್ನೇನು ಬಿಡುವುದರಲ್ಲಿತ್ತು. ಮೊಣಕಾಲುದ್ದ ನೀರಿಗಿಳಿದು ವಕೀಲರ ಮಡಿಲಲ್ಲಿ ತಟ್ಟೆ ಇಟ್ಟರು. "ನಾ ಬರೂದಿಲ್ಲ."

"ಅಂತೂ ಯೇಸು ಬಾಯಿ ಬಿಟ್ಟ!" ಎಂದರು ವಕೀಲರು. ತಾರಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು.

ಅದಕ್ಕೆ ಭರ್ಜರಿಯಾದ ಉತ್ತರವೊಂದು ಮಾಸ್ತರ ನಾಲಿಗೆಯ ತುದಿಗೆ ಬಂದಿತ್ತು. ಅವರು ಅದನ್ನು ನುಂಗಿಕೊಂಡು, ಯಾರ ಮುಖವನ್ನೂ ನೋಡದೆ ತಿರುಗಿ ದಡ ಹತ್ತಿದರು.